ಮನೆಯಲ್ಲಿ ಬೆಳೆಯುವ ಹಂದಿಮರಿ



ತುಳುವಿನಲ್ಲಿ ಪಂಜಿ, ಮಲಯಾಳದಲ್ಲಿ ಪನ್ನಿ, ತೆಲುಗಿನಲ್ಲಿ ಪಂದಿ, ಮರಾಠಿಯಲ್ಲಿ ಡುಕ್ಕರ್, ನಮಗೆ ಹಂದಿ. ಹೆಸರು ಯಾವುದಾದರೂ, ಈ ಪ್ರಾಣಿಯನ್ನು ಬೈಗುಳಕ್ಕೆ ಬಳಸುವುದರಲ್ಲಿ ನಾವೆಲ್ಲ ಒಂದೇ. ಆದರೆ ತಾಯಿಯ ಹಾಲು ಸಿಗದ ಮರಿಯೊಂದನ್ನು ಮನೆಯೊಳಗೆ ತಂದು, ಗೋಣಿಯ ಮೇಲೆ ಮಲಗಿಸಿ, ಹಾಲು ಕುಡಿಸಿ ಬದುಕಿಸಿದವರು ನಿಮ್ಮಲ್ಲಿಯೂ ಇದ್ದೀರಿ. ಹಾಗೆ ಬೆಳೆದ ಮರಿ ನಾಯಿಯಂತೆ ಮನೆಮಂದಿಯ ಹಿಂದೆಯೇ ಸುತ್ತುತ್ತದೆ. ಅದರೊಂದಿಗೆ ಬಾಳುವುದು ಹೇಗೆ ಎಂಬುದೇ ಈ ಹೊತ್ತಿನ ಮಾತು.

ಹಂದಿ ಕೊಳಕು ಪ್ರಾಣಿ ಎನ್ನುತ್ತೇವೆ. ಅದಕ್ಕೆ ನಮ್ಮಂತೆ ಬೆವರು ಸುರಿಯುವುದಿಲ್ಲ. ಬಿಸಿಲಿನಲ್ಲಿ ಮೈ ತಂಪಾಗಲು ನೀರು ಬೇಕು. ಒಳ್ಳೆಯ ನೀರು ಸಿಗದಿದ್ದರೆ ಕೆಸರಿಗೆ ಇಳಿಯುತ್ತದೆ. ನೆರಳು, ನೀರು, ಸಾಕಷ್ಟು ಜಾಗ ಕೊಟ್ಟು ನೋಡಿ: ಮಲಗುವುದು ಒಂದು ಮೂಲೆಯಲ್ಲಿ, ಸಗಣಿ ಹಾಕುವುದು ಇನ್ನೊಂದು ಮೂಲೆಯಲ್ಲಿ. ಬುದ್ಧಿಯೂ ಚುರುಕು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದವರು 2009ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಕನ್ನಡಿಯ ಅಭ್ಯಾಸವಾದ ಹಂದಿಗಳು ಅದರಲ್ಲಿ ಕಂಡ ತಿಂಡಿಯ ಬಟ್ಟಲನ್ನು ಕನ್ನಡಿಯ ಹಿಂದೆ ಹುಡುಕದೆ, ಅದು ನಿಜವಾಗಿ ಇದ್ದ ಕಡೆಗೇ ಹೋದವು.

ಇನ್ನು ಗಾತ್ರದ ಮಾತು. ಅಂಗೈಯಷ್ಟು ಮರಿ ಅಂಗೈಯಷ್ಟೇ ಉಳಿಯುವುದಿಲ್ಲ. ಬಿಳಿ ಯಾರ್ಕ್‌ಶೈರ್ ತಳಿಯ ಮರಿ ಎಂಟು ತಿಂಗಳಲ್ಲಿ 90 ಕಿಲೋ ದಾಟಬಹುದು. ಪೂರ್ತಿ ಬೆಳೆದರೆ 200 ಕಿಲೋಗೂ ಮೀರುತ್ತದೆ. ಪೇಟೆಯಲ್ಲಿ ‘ಪುಟ್ಟ ತಳಿ’ ಎಂದು ಮಾರುವ ಮರಿಯೂ ಎಷ್ಟೋ ಸಲ ಒಬ್ಬ ಮನುಷ್ಯನ ತೂಕಕ್ಕೆ ಬೆಳೆಯುತ್ತದೆ. ಒಳ್ಳೆಯ ಆರೈಕೆ ಸಿಕ್ಕ ಹಂದಿ ಹದಿನೈದು ವರ್ಷ ಬದುಕುವುದುಂಟು. ಮೂತಿಯಿಂದ ನೆಲ ಕೆದಕುವುದು ಅದರ ಹುಟ್ಟುಗುಣ. ಜಗಲಿಯ ನೆಲ ಉಳಿಯಬೇಕಾದರೆ ಹಿತ್ತಲಲ್ಲಿ ಬೇಲಿ ಹಾಕಿದ ತುಂಡು ಜಾಗ ಕೊಡಿ. ಗಂಡಾದರೆ ಮರಿಯಲ್ಲೇ ಬೀಜ ತೆಗೆಸಿ. ಹೆಣ್ಣು ಗಬ್ಬವಾದರೆ ಮೂರು ತಿಂಗಳು, ಮೂರು ವಾರ, ಮೂರು ದಿನಕ್ಕೆ ಮನೆ ತುಂಬ ಮರಿ ಎಂಬುದನ್ನೂ ನೆನಪಿಡಿ.

ಅಕ್ಕಂದಿರೇ, ಮುಸುರೆಯ ಪಾತ್ರೆ ನಿಮ್ಮ ಕೈಯಲ್ಲಿದೆ. ಹೋಟೆಲಿನ, ಮದುವೆಮನೆಯ ಎಂಜಲು ತರಬೇಡಿ. ಮನೆಯ ಮುಸುರೆಯನ್ನೂ ಅರ್ಧ ಗಂಟೆ ಕುದಿಸಿ, ಆರಿಸಿ ಹಾಕಿ. ಉಪ್ಪಿನಕಾಯಿಯ ರಸ, ಉಪ್ಪುಮೀನು ಬೇಡ. ಉಪ್ಪು ಹೆಚ್ಚಾಗಿ ಕುಡಿಯಲು ನೀರು ಸಿಗದಿದ್ದರೆ ಮಿದುಳಿಗೆ ಏಟು ಬಿದ್ದು ಹಂದಿ ಒದ್ದಾಡಿ ಸಾಯುತ್ತದೆ. ನೀರಿನ ತೊಟ್ಟಿ ಎಂದೂ ಬತ್ತದಿರಲಿ.

ಹಂದಿಯಿಂದ ನಮಗೆ ರೋಗ ಬಾರದೇ? ಬರುತ್ತದೆ, ಆದರೆ ದಾರಿ ತಿಳಿದರೆ ತಡೆಯಬಹುದು. ಲಾಡಿಹುಳದ ಕಥೆ ಕೇಳಿ. ಹುಳವಿರುವ ಮನುಷ್ಯ ಬಯಲಿಗೆ ಹೋಗುತ್ತಾನೆ, ಆ ಮಲ ತಿಂದ ಹಂದಿಯ ಮಾಂಸದಲ್ಲಿ ಹುಳದ ಚೀಲಗಳು ಬೆಳೆಯುತ್ತವೆ. ಆ ಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದವರ ಕರುಳಿನಲ್ಲಿ ಹುಳ ಬೆಳೆಯುತ್ತದೆ. ಆದರೆ ಮೂರ್ಛೆ ತರುವ ಮಿದುಳಿನ ಚೀಲಗಳು ಬರುವುದು ಮನುಷ್ಯನ ಮಲದಲ್ಲಿನ ಮೊಟ್ಟೆ ಕೈಗೆ, ನೀರಿಗೆ, ಸೊಪ್ಪಿಗೆ ಅಂಟಿ ಬಾಯಿ ಸೇರಿದಾಗ. ಮಾಂಸ ಮುಟ್ಟದವರಿಗೂ ಅದು ಬರಬಹುದು. ಹಾಗಾಗಿ ಮೊದಲ ಮದ್ದು ಕಕ್ಕಸು ಮತ್ತು ಸಾಬೂನು.

ಎರಡನೆಯದು ಜಪಾನೀ ಮಿದುಳುಜ್ವರ. ಭಾರತದಲ್ಲಿ ಮನುಷ್ಯರಲ್ಲಿ ಇದನ್ನು ಮೊದಲು ಗುರುತಿಸಿದ್ದು 1955ರಲ್ಲಿ, ತಮಿಳುನಾಡಿನ ವೆಲ್ಲೂರಿನ ಕಡೆ. ಗದ್ದೆಯ ನೀರಿನಲ್ಲಿ ಹುಟ್ಟುವ ಸೊಳ್ಳೆ ಹಂದಿಯ ರಕ್ತದಿಂದ ವೈರಸ್ಸನ್ನು ಮಕ್ಕಳಿಗೆ ದಾಟಿಸುತ್ತದೆ. ಹಂದಿ ಸಾಮಾನ್ಯವಾಗಿ ಕಾಯಿಲೆಯಂತೆ ಕಾಣುವುದಿಲ್ಲ. ಆದ್ದರಿಂದ ಎಷ್ಟು ಮುದ್ದಿನದಾದರೂ ಹಂದಿ ರಾತ್ರಿ ಮಕ್ಕಳ ಮಗ್ಗುಲಲ್ಲಿ ಮಲಗಬಾರದು. ಗೂಡು ದೂರವಿರಲಿ, ಮಕ್ಕಳಿಗೆ ಸೊಳ್ಳೆಪರದೆ ಇರಲಿ. ನಿಮ್ಮ ಜಿಲ್ಲೆಯಲ್ಲಿ ಲಸಿಕೆ ಹಾಕುತ್ತಿದ್ದರೆ ತಪ್ಪಿಸಬೇಡಿ.

ಈಗ ಹಂದಿಯನ್ನೇ ಕೊಲ್ಲುವ ರೋಗ. ಆಫ್ರಿಕದ ಹಂದಿಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲಗಳಲ್ಲಿ ಕಾಣಿಸಿತು. 2022ರ ಜುಲೈಯಲ್ಲಿ ವಯನಾಡಿನ ಮಾನಂದವಾಡಿ ಕಡೆಗೂ ಬಂತು. ಅಲ್ಲಿನ ಪ್ರಕಟಣೆಯಲ್ಲಿ ‘ಪನ್ನಿಪ್ಪನಿ’ ಎಂದಿರುತ್ತದೆ. ಪನಿ ಎಂದರೆ ಹಳಗನ್ನಡದಲ್ಲಿ ಹನಿ, ಮಲಯಾಳದಲ್ಲಿ ಜ್ವರ. 2009ರಲ್ಲಿ ಮನುಷ್ಯರಿಗೆ ಬಂದ ಎಚ್1ಎನ್1 ಜ್ವರವನ್ನೂ ಜನ ಇದೇ ಹೆಸರಿನಿಂದ ಕರೆದದ್ದರಿಂದ ಗಾಬರಿಯಾಗುವುದು ಸಹಜ. ಎರಡೂ ಬೇರೆ. ಆಫ್ರಿಕದ ಹಂದಿಜ್ವರ ಮನುಷ್ಯರಿಗೆ ತಗಲುವುದಿಲ್ಲ. ಹಂದಿಗೆ ತಗಲಿದರೆ ಮದ್ದಿಲ್ಲ. ಹಳೆಯ ಹಂದಿಜ್ವರದ ಲಸಿಕೆ ಹಾಕಿಸಲೇಬೇಕು, ಆದರೆ ಅದು ಇದನ್ನು ತಡೆಯುವುದಿಲ್ಲ.

ರೋಗ ಖಚಿತವಾದ ಜಾಗದ ಸುತ್ತ ಒಂದು ಕಿಲೋಮೀಟರಿನೊಳಗಿನ ಹಂದಿಗಳನ್ನೆಲ್ಲ ಕೊಲ್ಲಬೇಕು, ಹತ್ತು ಕಿಲೋಮೀಟರಿನವರೆಗೆ ಕಾವಲಿಡಬೇಕು ಎಂಬುದು ಕ್ರಮ. ಮಾರುವ ಹಂದಿ, ಮುದ್ದಿನ ಹಂದಿ ಎಂಬ ಭೇದ ಅಲ್ಲಿಲ್ಲ. ಪರಿಹಾರದ ಹಣವನ್ನು ತೂಕ ನೋಡಿ ಲೆಕ್ಕ ಹಾಕುತ್ತಾರೆ. ಮಗು ಹೆಸರಿಟ್ಟು ಕರೆದ ಪ್ರಾಣಿಗೆ ಯಾವ ತಕ್ಕಡಿ? ಆಗ ಹಿತ್ತಲಲ್ಲಿ ಅಡಗಿಸೋಣ ಎಂದು ಮನಸ್ಸಾಗುತ್ತದೆ. ದಯವಿಟ್ಟು ಅಡಗಿಸಬೇಡಿ. ರೋಗ ಒಳಹೊಕ್ಕು ಎಷ್ಟೋ ದಿನ ಹಂದಿ ಗಟ್ಟಿಮುಟ್ಟಾಗಿಯೇ ಕಾಣಬಹುದು. ನಿಮ್ಮ ಒಂದರಿಂದ, ಹಂದಿಯನ್ನೇ ನಂಬಿ ಸಾಲ ತೆಗೆದ ನೆರೆಯವನ ದೊಡ್ಡಿ ಬರಿದಾಗಬಹುದು.

ಅಂಥ ದಿನ ಬಾರದಿರಲೆಂದೇ ಈಗಿನಿಂದ ಎಚ್ಚರ ಬೇಕು. ಹೊರಗಿನ ಹಂದಿಮಾಂಸದ ಚೂರನ್ನೂ ಹಾಕಬೇಡಿ. ಬೇರೆ ದೊಡ್ಡಿಗೆ ಹೋಗಿಬಂದ ಚಪ್ಪಲಿಯಲ್ಲಿ ಗೂಡಿಗೆ ಹೋಗಬೇಡಿ. ಕಾಡುಹಂದಿ ಬೇಲಿ ದಾಟದಿರಲಿ. ಕಾಡಂಚಿನಲ್ಲಿ ಹಂದಿ ಸತ್ತುಬಿದ್ದರೆ ಮುಟ್ಟದೆ ಮೃಗಾಸ್ಪತ್ರೆಗೆ ತಿಳಿಸಿ. ನಿಮ್ಮ ಹಂದಿ ಮೇವು ಬಿಟ್ಟು, ಜ್ವರ ಬಂದು, ಕಿವಿ, ಹೊಟ್ಟೆಯ ಚರ್ಮ ಕೆಂಪಾಗಿ ನೀಲಿಗಟ್ಟಿದರೆ ಅಂದೇ ಹೇಳಿ. ಪ್ರಕಟಣೆಯ ಭಾಷೆ ಅರ್ಥವಾಗದಿದ್ದರೆ ಓದಿ ಹೇಳಿ ಎಂದು ಕೇಳಲು ಸಂಕೋಚ ಬೇಡ. ಸಾಕುವುದೆಂದರೆ ಮುದ್ದು ಮಾಡುವುದಷ್ಟೇ ಅಲ್ಲ, ಊರಿಗೆ ಹೊಣೆಯಾಗುವುದೂ ಹೌದು.