ಅಂಗಡಿಯ ಹೆಸರು ಊರಿನ ಬಾಯಲ್ಲಿರಲಿ

(ಆಂಡರ್ಸನ್‌ಪೇಟೆಯ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್‌ನ ಗಣಿಗಳು ಮುಚ್ಚಿದವು. ಅಂದು ಅನ್ನ ಕಳಕೊಂಡವರು ಗಣಿಗಿಳಿಯುತ್ತಿದ್ದವರು ಮಾತ್ರವಲ್ಲ. ಅವರ ಸಂಬಳದ ದಿನವನ್ನೇ ನಂಬಿ ಬದುಕಿದ್ದ ಆಂಡರ್ಸನ್‌ಪೇಟೆ, ರಾಬರ್ಟ್‌ಸನ್‌ಪೇಟೆಗಳ ಅಂಗಡಿಗಳೂ ಗಿರಾಕಿಗಳನ್ನು ಕಳಕೊಂಡವು. ಇಂದು ಇಲ್ಲಿಯ ದುಡಿಯುವ ಕೈಗಳಲ್ಲಿ ಬಹಳಷ್ಟು ನಸುಕಿನಲ್ಲೇ ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತವೆ. ಹಗಲಿಡೀ ದೊಡ್ಡ ಮಳಿಗೆಗಳ ನಡುವೆ ಓಡಾಡಿ ಬಂದವರನ್ನು ನಮ್ಮ ಪುಟ್ಟ ಅಂಗಡಿಯತ್ತ ಕರೆಯುವುದು ಹೇಗೆ? ಅದೂ ಕೈಯಲ್ಲಿ ಹಣವಿಲ್ಲದೆ?

ಮೊದಲು ನಮ್ಮ ದುಂದನ್ನು ನಾವೇ ಒಪ್ಪಿಕೊಳ್ಳೋಣ. ಅಂಗಡಿ ತೆರೆಯುವ ದಿನ ಸಾಲ ತಂದು ಫ್ಲೆಕ್ಸ್ ಕಟ್ಟುತ್ತೇವೆ. ಅದರಲ್ಲಿ ನಾಯಕರ ಮುಖಗಳು ದೊಡ್ಡದಾಗಿಯೂ, ಸರಕಿನ ಹೆಸರು ಚಿಕ್ಕದಾಗಿಯೂ ಇರುತ್ತವೆ. 2016ರಲ್ಲೇ ರಾಜ್ಯ ಸರಕಾರ ಪ್ಲಾಸ್ಟಿಕ್ ಫ್ಲೆಕ್ಸನ್ನು ನಿಷೇಧಿಸಿದೆ ಎಂಬುದನ್ನೂ ಮರೆಯುತ್ತೇವೆ. ಬಿಸಿಲಿಗೆ ಫ್ಲೆಕ್ಸ್ ಮಾಸುತ್ತದೆ. ಸಾಲ ಮಾತ್ರ ಉಳಿಯುತ್ತದೆ.

ಇದಕ್ಕಿಂತ ಅಗ್ಗದ ದಾರಿಗಳಿವೆ. ನಾಮಫಲಕವನ್ನು ಸರಿಪಡಿಸಿ. 2024ರ ತಿದ್ದುಪಡಿಯಂತೆ ಫಲಕದ ಶೇ. 60 ಭಾಗ ಕನ್ನಡದಲ್ಲಿರಬೇಕು. ಉಳಿದ ಜಾಗದಲ್ಲಿ ನಿಮ್ಮ ಗಿರಾಕಿ ಓದಬಲ್ಲ ತಮಿಳೋ ಉರ್ದುವೋ ಇರಲಿ. ಬೆಂಗಳೂರಿನಿಂದ ರೈಲು ಮರಳುವ ಹೊತ್ತಿಗೆ ಅಂಗಡಿ ತೆರೆದಿರಲಿ. 2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಸರಕಿನ ಚಿತ್ರವನ್ನೂ ದರವನ್ನೂ ಉಚಿತವಾಗಿ ತೋರಿಸಬಹುದು. ಮನೆಯಲ್ಲೇ ಬಟ್ಟೆ ಹೊಲಿಯುವ ಸಹೋದರಿಗೆ ಇದು ಬಾಡಿಗೆಯಿಲ್ಲದ ಅಂಗಡಿ. ಗೂಗಲ್ ನಕ್ಷೆಯಲ್ಲಿ ಅಂಗಡಿಯನ್ನು ಗುರುತಿಸುವುದಕ್ಕೂ ಶುಲ್ಕವಿಲ್ಲ. ಆದರೆ ಕೇಳದವರಿಗೆ ದಿನಕ್ಕೆ ಹತ್ತು ಸಂದೇಶ ಕಳುಹಿಸುವುದು ಪ್ರಚಾರವಲ್ಲ, ಉಪದ್ರವ. ಕರಪತ್ರ ಬೇಕೆಂದಾದರೆ ಒಂದೇ ಬೀದಿಯ ನಾಲ್ಕು ಅಂಗಡಿಯವರು ಕೂಡಿ ಒಂದನ್ನೇ ಅಚ್ಚು ಹಾಕಿಸಲಿ. ಖರ್ಚು ಕಾಲು ಭಾಗಕ್ಕಿಳಿಯುತ್ತದೆ.

ಇವೆಲ್ಲವೂ ಗಿರಾಕಿಯನ್ನು ಒಮ್ಮೆ ಕರೆತರಬಲ್ಲವು. ಎರಡನೆಯ ಸಲ ಅವನನ್ನು ಕರೆತರುವುದು ನಮ್ಮ ತಕ್ಕಡಿ. ಪ್ರವಾದಿತ್ವ ದೊರೆಯುವ ಮೊದಲೇ ಮಕ್ಕಾದ ಜನರು ಮುಹಮ್ಮದ್(ಸ)ರನ್ನು ಅಲ್ ಅಮೀನ್, ಅಂದರೆ ವಿಶ್ವಾಸಾರ್ಹ ವ್ಯಕ್ತಿ ಎಂದು ಕರೆಯುತ್ತಿದ್ದರು. ಆ ಹೆಸರನ್ನು ಕೇಳಿಯೇ ಖದೀಜಾ(ರ) ತಮ್ಮ ವ್ಯಾಪಾರದ ಸರಕನ್ನು ಅವರಿಗೆ ಒಪ್ಪಿಸಿದರು. ಮುಂದೆ ಒಂದು ದಿನ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿ(ಸ) ಕೈಯಿಟ್ಟಾಗ ಬೆರಳುಗಳಿಗೆ ಒದ್ದೆ ತಗಲಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಿದ್ದರೆ ಜನರಿಗೆ ಕಾಣುವಂತೆ ಅದನ್ನು ಮೇಲೆಯೇ ಇಡಬಾರದಿತ್ತೇ ಎಂದು ಕೇಳಿದ ಪ್ರವಾದಿ(ಸ), ವಂಚಿಸುವವನು ನಮ್ಮವನಲ್ಲ ಎಂಬರ್ಥದ ಎಚ್ಚರಿಕೆಯನ್ನಿತ್ತರು. ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿರುವ ಈ ಘಟನೆಯನ್ನು ನಾವು ಮಸೀದಿಯಲ್ಲಿ ಕೇಳಿ ತಲೆದೂಗುತ್ತೇವೆ. ಕೊಳೆತ ಟೊಮೆಟೊವನ್ನು ಬುಟ್ಟಿಯ ಅಡಿಗೆ ಹಾಕುವಾಗ ಅದು ನೆನಪಾಗುತ್ತದೆಯೇ?

ಈ ಪ್ರಶ್ನೆಗೆ ಇಂದು ಇನ್ನೊಂದು ಮುಖವೂ ಇದೆ. 2022ರ ಮಾರ್ಚ್‌ನಲ್ಲಿ ಉಡುಪಿ ಜಿಲ್ಲೆಯ ಕಾಪು ಮಾರಿಗುಡಿಯ ಜಾತ್ರೆಯಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಅವಕಾಶ ನಿರಾಕರಿಸಲಾಯಿತು. ಅದೇ ಕೂಗು ಬೇರೆ ಜಾತ್ರೆಗಳಿಗೂ ಹಬ್ಬಿತು. ಈ ಅನ್ಯಾಯವನ್ನು ಕಾನೂನಿನ ಮೂಲಕ ಎದುರಿಸಲೇಬೇಕು. ಆದರೆ ಅದಕ್ಕೆ ಉತ್ತರವಾಗಿ ‘ನಮ್ಮವರ ಅಂಗಡಿಯಲ್ಲೇ ಕೊಳ್ಳಿ’ ಎಂದು ನಾವೂ ಕೂಗಿದರೆ, ಬಹಿಷ್ಕರಿಸಿದವರ ವಾದಕ್ಕೆ ನಾವೇ ಸಹಿ ಹಾಕಿದಂತೆ. ಧರ್ಮದ ಹೆಸರಿನಲ್ಲಿ ಗಿರಾಕಿಯನ್ನು ಬೇಡುವುದು ಸೋಮಾರಿ ವ್ಯಾಪಾರಿಯ ಲಕ್ಷಣವೂ ಹೌದು.

ಈ ಊರಿನಲ್ಲಿ ಹಲವು ಜಾತಿ, ಹಲವು ಭಾಷೆಗಳ ಕಾರ್ಮಿಕರು ಒಂದೇ ಕೇಜ್‌ನಲ್ಲಿ ನಿಂತು ಭೂಮಿಯೊಳಗೆ ಇಳಿದಿದ್ದರು. ಕೆಳಗೆ ಒಬ್ಬರ ಜೀವ ಇನ್ನೊಬ್ಬರ ಕೈಯಲ್ಲಿತ್ತು. ಅವರ ಮಕ್ಕಳು ಇಂದು ನಮ್ಮ ಗಿರಾಕಿಗಳು. ಆ ಮನೆಯ ಮಗುವೊಂದು ಹಣ ಹಿಡಿದು ಒಂಟಿಯಾಗಿ ಬಂದರೂ ಸರಿಯಾದ ತೂಕ, ಸರಿಯಾದ ಚಿಲ್ಲರೆ ಪಡೆದು ಮರಳುವಂತಾಗಲಿ. ಆಗ ದ್ವೇಷದ ಕರೆ ಬಂದ ದಿನವೂ ಆ ಮಗುವಿನ ತಾಯಿ ನಮ್ಮ ಅಂಗಡಿಯ ಪರವಾಗಿ ಮಾತನಾಡಬಲ್ಲಳು. ಅಂತಹ ಪ್ರಚಾರ ಹಣಕ್ಕೆ ಸಿಗುವಂಥದ್ದಲ್ಲ.

ಇಂದು ಮನೆಗೆ ಮರಳುವ ಮೊದಲು ಪ್ರತಿಯೊಬ್ಬರೂ ತಮ್ಮ ತಕ್ಕಡಿಯನ್ನು ಒಮ್ಮೆ ಪರೀಕ್ಷಿಸಿರಿ. ಅಲ್ಲಾಹನು ನಮ್ಮ ದುಡಿಮೆಯಲ್ಲಿ ಬರಕತ್ ದಯಪಾಲಿಸಲಿ.