ಅಡಿಕೆಯ ಕೊಳೆರೋಗ ಮತ್ತು ಬೋರ್ಡೋ ದ್ರಾವಣ



ಆಷಾಢದ ಮಳೆ ಹಿಡಿದು, ನಡುನಡುವೆ ಒಂದಿಷ್ಟು ಬಿಸಿಲು ಕಂಡಿತೆಂದರೆ ಅಡಿಕೆ ಬೆಳೆಗಾರರ ಕಣ್ಣು ಮೊದಲು ಹೋಗುವುದು ಮರದ ಬುಡಕ್ಕೆ. ಹಸಿರು ಕಾಯಿ ಉದುರಿದೆಯೇ? ಎತ್ತಿ ನೋಡಿದರೆ ತೊಟ್ಟಿನ ಹತ್ತಿರ ನೀರು ಕುಡಿದ ಕಪ್ಪುಹಸಿರು ಕಲೆ. ಒಂದೆರಡು ದಿನದಲ್ಲಿ ಕಾಯಿಯ ತುಂಬ ಬಿಳಿ ಬೂಷ್ಟು. ಘಟ್ಟದ ಮೇಲೆ ಇದು ಕೊಳೆರೋಗ, ದಕ್ಷಿಣ ಕನ್ನಡದಲ್ಲಿ ಮಹಾಳಿ.

ಔಷಧವೇ ಇಲ್ಲದ ಕಾಲದಲ್ಲೂ ಮಲೆನಾಡಿನವರು ಕೈಕಟ್ಟಿ ಕೂತಿರಲಿಲ್ಲ. ಕರಡದ ಹುಲ್ಲಿನಲ್ಲಿ ಕೊಟ್ಟೆ ಹೆಣೆದು, ಮಳೆ ಬೀಳುವ ಮೊದಲೇ ಮರ ಹತ್ತಿ ಒಂದೊಂದು ಕೊನೆಗೂ ಕಟ್ಟುತ್ತಿದ್ದರು. ಕೊನೆ ನೆನೆಯದಿದ್ದರೆ ಕೊಳೆಯುವುದಿಲ್ಲ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ವಿಜ್ಞಾನ ಆಮೇಲೆ ಹೇಳಿದ್ದೂ ಅದನ್ನೇ.

ಅತ್ತ ಫ್ರಾನ್ಸಿನಲ್ಲಿ ಬೇರೊಂದು ಕಥೆ ನಡೆದಿತ್ತು. 1882ರಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಮಿಲಾರ್ಡೆ ಮೆಡಾಕ್ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಹೋಗುತ್ತಿದ್ದಾಗ, ದಾರಿ ಬದಿಯ ಬಳ್ಳಿಗಳಲ್ಲಿ ಮಾತ್ರ ಬೂಜು ರೋಗ ಇಲ್ಲದ್ದನ್ನು ಕಂಡರು. ದಾರಿಹೋಕರು ಹಣ್ಣು ಕೀಳದಿರಲೆಂದು ಅಲ್ಲಿಯವರು ಮೈಲುತುತ್ತ, ಸುಣ್ಣ ಕಲಸಿ ಆ ಬಳ್ಳಿಗಳಿಗೆ ಎರಚಿದ್ದರು. ರಸಾಯನಶಾಸ್ತ್ರಜ್ಞ ಗೇಯಾನ್ ಜೊತೆ ಪರೀಕ್ಷೆಗಳನ್ನು ನಡೆಸಿ, 1885ರಲ್ಲಿ ಮಿಲಾರ್ಡೆ ಈ ಮಿಶ್ರಣವನ್ನು, ಅಂದರೆ ಬೋರ್ಡೋ ದ್ರಾವಣವನ್ನು, ಲೋಕಕ್ಕೆ ತಿಳಿಸಿದರು.

ಅದನ್ನು ನಮ್ಮ ಅಡಿಕೆ ಮರಕ್ಕೆ ಹತ್ತಿಸಿದ ಶ್ರೇಯಸ್ಸು ಕೆನಡಾದ ಲೆಸ್ಲಿ ಕೋಲ್ಮನ್ ಅವರದು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಅವರು ಮೊದಲು ಕೈಗೆತ್ತಿಕೊಂಡ ಸಮಸ್ಯೆಗಳಲ್ಲಿ ಕೊಳೆರೋಗವೂ ಒಂದು. ಅದಕ್ಕೆ ಫೈಟಾಫ್ತೋರ ಎಂಬ ಜೀವಿ ಕಾರಣವೆಂದು 1910ರ ತಮ್ಮ ವರದಿಯಲ್ಲಿ ಬರೆದರು. 1840ರ ದಶಕದಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಯಿಸಿ ಭೀಕರ ಬರ ತಂದದ್ದೂ ಇದೇ ಕುಲದ ಜೀವಿ. ನಾವು ಶಿಲೀಂಧ್ರವೆಂದೇ ಕರೆದರೂ ಇಂದಿನ ವರ್ಗೀಕರಣದಲ್ಲಿ ಇದು ಪಾಚಿಗಳಿಗೆ ಹತ್ತಿರದ ಬೇರೆಯೇ ಗುಂಪು. ಇದರ ಬೀಜಕಣಗಳು ನೀರಿನ ತೆಳು ಪದರದಲ್ಲಿ ಈಜಿಕೊಂಡು ಹೋಗಬಲ್ಲವು. ಕಾಯಿಯ ಮೇಲೆ ಹನಿ ನಿಂತರೆ ಸಾಕು, ಅವಕ್ಕೆ ದಾರಿಯಾಯಿತು.

ಬೋರ್ಡೋ ದ್ರಾವಣ ಈ ದಾರಿಯನ್ನು ಮುಚ್ಚುತ್ತದೆ. ಆದರೆ ಕಾಯಿಯ ಒಳಗೆ ಹೊಕ್ಕ ರೋಗವನ್ನು ಅದು ವಾಸಿ ಮಾಡುವುದಿಲ್ಲ. ಎಷ್ಟೋ ತೋಟಗಳಲ್ಲಿ ಮದ್ದು ಸೋತಿತೆಂದು ದೂರುವುದು ತಡವಾಗಿ ಹೊಡೆದ ಕಾರಣಕ್ಕೆ.

ತಯಾರಿಯಲ್ಲೂ ಎಚ್ಚರ ಬೇಕು. ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆಬೇರೆಯಾಗಿ ಕರಗಿಸಬೇಕು. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕಲಕಬೇಕು. ಕಬ್ಬಿಣದ ಪಾತ್ರೆ ಕೂಡದು. ಸರಿಯಾಗಿದೆಯೇ ಎಂದು ತಿಳಿಯಲು ಉಜ್ಜಿದ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ತಾಮ್ರ ಕೂತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಕಲಸಿದ್ದನ್ನು ಅಂದೇ ಮುಗಿಸಬೇಕು. ಮಳೆಗೆ ತೊಳೆದುಹೋಗದಂತೆ ರಾಳದ ಅಂಟು ಬೆರೆಸುವ ರೂಢಿಯೂ ಇದೆ.

ಮುಂದೆ ಮೆಟಲಾಕ್ಸಿಲ್‌ನಂಥ ಅಂತರ್ವ್ಯಾಪಿ ಔಷಧಗಳು ಬಂದವು. ಹುಲ್ಲಿನ ಕೊಟ್ಟೆಯ ಜಾಗದಲ್ಲಿ ಪ್ಲಾಸ್ಟಿಕ್ ಕೊಟ್ಟೆ ಬಂತು. ಮರ ಹತ್ತುವವರು ಸಿಗದಾದಾಗ ನೆಲದಲ್ಲೇ ನಿಂತು ಕೊನೆಗೆ ಮದ್ದು ಮುಟ್ಟಿಸುವ ಹಗುರ ಕಾರ್ಬನ್ ಫೈಬರ್ ದೋಟಿ ಬಂತು. ಇವುಗಳಲ್ಲಿ ಹೆಚ್ಚು ಉಪಕಾರ ಮಾಡಿದ್ದು ದೋಟಿ. ಮದ್ದಿಗಿಂತ ಮದ್ದು ಹೊಡೆಯುವ ಆಳಿನ ಕೊರತೆಯೇ ತೋಟಗಳನ್ನು ಕಾಡುತ್ತಿತ್ತು.

ಆದ್ದರಿಂದ ಬೆಳೆಗಾರರಲ್ಲಿ ಒಂದು ವಿನಂತಿ. ಮೊದಲ ಸಿಂಪಡಣೆಯನ್ನು ಮುಂಗಾರು ಕಾಲಿಡುವ ಮೊದಲೇ ಮುಗಿಸಿ, 40–45 ದಿನಕ್ಕೆ ಎರಡನೆಯದನ್ನು ಕೊಡಿ. ಮಳೆ ಬಿಡದೆ ಹೊಯ್ದರೆ ಮೂರನೆಯದೂ ಬೇಕಾದೀತು. ಉದುರಿದ ಕೊಳೆ ಕಾಯಿಯನ್ನು ಮರದ ಬುಡದಲ್ಲೇ ಬಿಡಬೇಡಿ, ಆರಿಸಿ ತೋಟದಿಂದ ಹೊರಗೆ ಹಾಕಿ ನಾಶಮಾಡಿ.