ಟಿವಿ ಕಾಣಸ್ತೈತಿ, ಮಾತ ಕೇಳಸವಲ್ದು: ಅಪ್ಪನ ರಿಸೀವರ್, ನನ್ನ ಅಪ್‌ಡೇಟ್

ಇವತ್ತು ಮೊಬೈಲ್ ಬಿಟ್ಟು ಬೇರೆ ಸಾಮಾನಿನ ಬಗ್ಗೆ ಮಾತಾಡ್ತೀನಿ. ಹೋಂ ಥಿಯೇಟರ್ ರಿಸೀವರ್. ಅದರ ಫರ್ಮ್‌ವೇರ್ ಇಂಟರ್‌ನೆಟ್‌ನಿಂದ ಅಪ್‌ಡೇಟ್ ಆಗದಿದ್ರೆ ತಪ್ಪು ಎಲ್ಲಿದೆ ಅಂತ ಹುಡುಕೋದು ಹೆಂಗೆ? ಕತೆ ನಮ್ಮ ಮನೆಯದೇ, ಘಟಪ್ರಭಾದ್ದು.

ನಮ್ಮ ಅಪ್ಪ ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವರು. ಆ ಸದ್ದಿಗೆ ಕಿವಿ ಮಂದ ಆಗ್ಯಾವ. ಇಂಥ ಕಿವುಡು ಒಂಥರಾ ವಿಚಿತ್ರ. ದನಿ ಪೂರ್ತಿ ನಿಲ್ಲಲ್ಲ, ಮೊದಲು ಹೋಗೋದು ತೀಕ್ಷ್ಣ ದನಿಗಳು. ಸ, ಶ, ತ ಇಂಥ ಅಕ್ಷರ ಜಾರಿ ಹೋಗ್ತಾವ. ಯಾರೋ ಮಾತಾಡ್ತಿದಾರೆ ಅಂತ ಗೊತ್ತಾಗ್ತದೆ, ಏನು ಅಂತ ಗೊತ್ತಾಗಲ್ಲ. ಅದಕ್ಕೇ ಏಳೆಂಟು ವರ್ಷದ ಹಿಂದೆ ಒಂದು 5.1 ರಿಸೀವರ್ ತಂದಿದ್ದೆ. ಮಜಾ ಮಾಡೋಕಲ್ಲ. ಅದರಲ್ಲಿ ನಡುವಿನ ಸ್ಪೀಕರ್ ಅಂತ ಒಂದಿರ್ತದೆ, ಮಾತೆಲ್ಲ ಹೆಚ್ಚಾಗಿ ಅಲ್ಲಿಂದಲೇ ಬರೋದು. ಸಂಗೀತ, ಗದ್ದಲ ಹಂಗೇ ಬಿಟ್ಟು ಆ ಒಂದು ಸ್ಪೀಕರನ್ನ 4 ಡೆಸಿಬಲ್ ಏರಿಸಿಟ್ಟಿದ್ದೆ. ಅಪ್ಪ ಆರಾಮಾಗಿ ಧಾರಾವಾಹಿ ನೋಡ್ತಿದ್ರು.

ದೀಪಾವಳಿಗೆ ಹೊಸ ಟಿವಿ ತಂದ್ವಿ. ಒಂದೇ ಎಚ್‌ಡಿಎಂಐ ಕೇಬಲ್ ಹಾಕಿದ್ರೆ ಟಿವಿಯ ದನಿ ರಿಸೀವರ್‌ಗೆ ವಾಪಸ್ ಬರಬೇಕು, ಅದಕ್ಕೆ ಎಆರ್‌ಸಿ ಅಂತಾರೆ. ಬಂತು. ಎರಡು ನಿಮಿಷ ಬಂತು, ಕಟ್ ಆಯ್ತು. ಮತ್ತೆ ಬಂತು, ಮತ್ತೆ ಕಟ್. ಬೇಜಾರಾಗಿ ಟಿವಿಯ ಸ್ವಂತ ಸ್ಪೀಕರ್‌ನಾಗೇ ಹಚ್ಚಿಟ್ಟೆ. ಈಗಿನ ತೆಳ್ಳನ ಟಿವಿಗಳ ಸ್ಪೀಕರ್ ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರ್ತಾವ, ನಮ್ಮ ಕಡೆಗಲ್ಲ. ಹದಿನೈದು ದಿನ ಅಪ್ಪ ಎಂಟು ಗಂಟೆಗೇ ಎದ್ದು ಹೋಗಿ ಅಂಗಳದಾಗ ಕೂಡತಿದ್ರು. ನಾನು ಏನೋ ಸಿಟ್ಟಿರಬೇಕು ಅಂದ್ಕೊಂಡಿದ್ದೆ. ಕೊನೆಗೆ ಅವ್ವ ಹೇಳಿದ್ಲು, 'ಅವರಿಗೆ ಕೇಳಸವಲ್ದೋ. ನಿನಗ ಹೇಳಾಕ ನಾಚತಾರ.'

ಅವತ್ತು ರಾತ್ರಿ ಕಂಪನಿ ವೆಬ್‌ಸೈಟ್ ತೆಗೆದು ನೋಡಿದೆ. ಅಲ್ಲೇ ಬರೆದಿತ್ತು: ಎಆರ್‌ಸಿ ದನಿ ನಡುನಡುವೆ ನಿಲ್ಲೋ ತೊಂದರೆ ಹೊಸ ಫರ್ಮ್‌ವೇರ್‌ನಲ್ಲಿ ಸರಿ ಮಾಡಿದೆ. ಫರ್ಮ್‌ವೇರ್ ಅಂದ್ರೆ ಡಬ್ಬಿಯೊಳಗಿನ ಚಿಪ್‌ನಾಗ ಕೂತಿರೋ ತಂತ್ರಾಂಶ, ಮೊಬೈಲ್‌ಗೆ ಆಂಡ್ರಾಯ್ಡ್ ಇದ್ದಂಗ. ಇಲ್ಲಿ ಒಂದು ಮಾತು. ಅಪ್‌ಡೇಟ್ ಬಂದಿದೆ ಅಂತ ಸುಮ್ಮನೆ ಒತ್ತಬೇಡಿ. 2020ರ ಜೂನ್‌ನಲ್ಲಿ ಸ್ಯಾಮ್‌ಸಂಗ್‌ನ ಎಷ್ಟೋ ಬ್ಲೂ-ರೇ ಪ್ಲೇಯರ್‌ಗಳು, ಹೋಂ ಥಿಯೇಟರ್‌ಗಳು ಒಮ್ಮೆಲೇ ಆನ್-ಆಫ್, ಆನ್-ಆಫ್ ಆಗೋಕೆ ಶುರು ಮಾಡಿದ್ವು. ಅದು ಪೂರ್ತಿ ಅಪ್‌ಡೇಟ್ ಕೂಡ ಅಲ್ಲ, ಇಂಟರ್‌ನೆಟ್‌ನಿಂದ ತಾನಾಗೇ ಇಳಿದ ಒಂದು ಸಣ್ಣ ಫೈಲ್. ಮನೆಯಲ್ಲಿ ಸರಿ ಮಾಡೋ ದಾರಿಯೇ ಇರಲಿಲ್ಲ, ಜನ ಅವನ್ನ ರಿಪೇರಿಗೆ ಕಳಿಸಬೇಕಾಯ್ತು. ಹಂಗಾಗಿ ನಿಮಗಿರೋ ತೊಂದರೆಯೇ ಆ ಅಪ್‌ಡೇಟ್‌ನ ವಿವರದಲ್ಲಿ ಇದ್ರೆ ಮಾತ್ರ ಕೈ ಹಾಕಿ. ಇಲ್ಲಾಂದ್ರೆ ನಡೆಯೋ ಎತ್ತಿಗೆ ಬಾರುಕೋಲು ಯಾಕೆ?

ನನಗೆ ಬೇಕೇ ಇತ್ತು. ಮೆನುಗೆ ಹೋಗಿ ಅಪ್‌ಡೇಟ್ ಒತ್ತಿದೆ. 'ಕನೆಕ್ಷನ್ ಫೇಲ್ಡ್.' ಹತ್ತು ಸಲ ಒತ್ತಿದೆ, ಹತ್ತು ಸಲವೂ ಅದೇ.

ಮೊದಲು ನೋಡಬೇಕಾದ್ದು ನೆಟ್‌ವರ್ಕ್ ಮಾಹಿತಿ ಪರದೆಯಲ್ಲಿರೋ ಐಪಿ ವಿಳಾಸ. ನಂದು 169.254 ಅಂತ ಶುರುವಾಗಿತ್ತು. ಹಂಗಿದ್ರೆ ರೌಟರ್ ಇವನಿಗೆ ವಿಳಾಸವನ್ನೇ ಕೊಟ್ಟಿಲ್ಲ, ಇವನೇ ಸುಳ್ಳೊಂದು ಬರ್ಕೊಂಡು ಕೂತಾನ ಅಂತ ಅರ್ಥ. ಮನೆಗಳಲ್ಲಿ ಸಾಮಾನ್ಯವಾಗಿ 192.168 ಅಂತ ಬರಬೇಕು. ಕಾರಣ ಸಿಕ್ತು. ಫೈಬರ್ ಹಾಕಿಸಿದಾಗ ರೌಟರ್ ಬದಲಾಗಿತ್ತು, ಹೊಸದು ಡಬ್ಲ್ಯೂಪಿಎ3 ಭದ್ರತೆಯಲ್ಲೇ ಇತ್ತು. ಹಳೇ ರಿಸೀವರ್‌ಗೆ ಆ ಭಾಷೆ ಬರಲ್ಲ. ಡಬ್ಲ್ಯೂಪಿಎ2ಕ್ಕೆ ಇಳಿಸಿದ್ರೆ ಸಾಕಿತ್ತು. ಆದ್ರೆ ಅಪ್‌ಡೇಟ್ ವಿಷಯದಲ್ಲಿ ವೈಫೈ ನಂಬೋದೇ ಬೇಡ ಅಂತ ಲ್ಯಾನ್ ಕೇಬಲ್ ಎಳೆದೆ, ಎರಡು ಕೋಣೆ ದಾಟಿಸಿ, ಅವ್ವನ ಬೈಗುಳ ತಿಂದು.

192.168 ಬಂತು. ಇಂಟರ್‌ನೆಟ್ ರೇಡಿಯೋ ಹಾಡ್ತು. ಅಪ್‌ಡೇಟ್ ಮಾತ್ರ ಮತ್ತೆ ಫೇಲ್.

ಇಲ್ಲಿ ನಾನು ಎರಡು ದಿನ ಕಳೆದೆ ನೋಡ್ರಿ. ರೇಡಿಯೋ ಹಾಡ್ತದೆ ಅಂದ್ಮೇಲೆ ಎಲ್ಲಾ ಸರಿ ಐತಿ ಅಂದ್ಕೊಂಡೆ. ಹಂಗಲ್ಲ. ಎಷ್ಟೋ ರೇಡಿಯೋ ಕೇಂದ್ರಗಳು ಬಾಗಿಲು ತೆಗೆದಿಟ್ಟ ಮನೆ ಇದ್ದಂಗ. ಅಪ್‌ಡೇಟ್ ಸರ್ವರ್ ಬಾಗಿಲಲ್ಲಿ ಗುರುತಿನ ಚೀಟಿ ತೋರಿಸ್ತದೆ, ಅದು ಅಸಲಿಯೋ ಅಂತ ನೋಡೋಕೆ ರಿಸೀವರ್ ಒಳಗೆ ಒಂದು ಪಟ್ಟಿ ಇರಬೇಕು. ಹಳೇ ಡಬ್ಬಿಯಲ್ಲಿ ಪಟ್ಟಿಯೂ ಹಳೇದು. 2021ರ ಸೆಪ್ಟೆಂಬರ್ 30ಕ್ಕೆ ಅಂಥ ಒಂದು ಮುಖ್ಯ ಪ್ರಮಾಣಪತ್ರದ ಅವಧಿ ಮುಗೀತು, ಆಗ ಜಗತ್ತಿನ ತುಂಬ ಹಳೇ ಸಾಧನಗಳು ವೆಬ್‌ಸೈಟ್ ತೆರೆಯೋಕೇ ಒಲ್ಲೆ ಅಂದ್ವು. ಹೊಸ ಪಟ್ಟಿ ಬೇಕಂದ್ರೆ ಅಪ್‌ಡೇಟ್ ಬೇಕು, ಅಪ್‌ಡೇಟ್ ಬೇಕಂದ್ರೆ ಹೊಸ ಪಟ್ಟಿ ಬೇಕು. ಹುಚ್ಚು ಬಿಡಲ್ಲ, ಮದುವೆ ಆಗಲ್ಲ ಅಂತಾರಲ್ಲ, ಆ ಕತೆ.

ನಿಮ್ಮ ಮನೆಯಲ್ಲಿ ಹಿಂಗೇ ಆಗಿದೆಯೋ ಅಂತ ನೋಡೋಕೆ ಸುಲಭ ದಾರಿ ಮೊಬೈಲ್ ಹಾಟ್‌ಸ್ಪಾಟ್. ಅದಕ್ಕೆ ರಿಸೀವರ್ ಜೋಡಿಸಿ ಒಮ್ಮೆ ಒತ್ತಿ. ಅಲ್ಲಿ ಆದ್ರೆ ತಪ್ಪು ನಿಮ್ಮ ರೌಟರ್ ಕಡೆ. ಅಲ್ಲೂ ಅದೇ ಉತ್ತರ ಬಂದ್ರೆ ಫೈಬರ್ ಹುಡುಗನ್ನ ಬೈಯೋದು ಬಿಡಿ. ನನಗೆ ಅಲ್ಲೂ ಫೇಲ್. ಅಂದ್ರೆ ಪೆನ್‌ಡ್ರೈವ್ ಒಂದೇ ದಾರಿ.

ಫೈಲ್ ಸಿಕ್ತು, ಅದೇ ಪುಣ್ಯ. ಒಂಕ್ಯೊ ಹೋಂ ಎಂಟರ್‌ಟೇನ್‌ಮೆಂಟ್ ಅನ್ನೋ ದೊಡ್ಡ ಹೆಸರಿನ ಜಪಾನಿ ಕಂಪನಿಯೇ 2022ರ ಮೇ ತಿಂಗಳಲ್ಲಿ ದಿವಾಳಿ ಎದ್ದಿತ್ತು. ಅದಕ್ಕೆ ನಿಮ್ಮ ಮಾದರಿಯ ಫೈಲ್ ವೆಬ್‌ಸೈಟ್‌ನಾಗ ಇರುವಾಗಲೇ ಇಳಿಸಿಟ್ಕೊಳ್ಳಿ. ಮಾದರಿ ಸಂಖ್ಯೆಯ ಕೊನೇ ಅಕ್ಷರದ ತನಕ ತಾಳೆ ನೋಡಿ. ಜಿಪ್ ಬಿಚ್ಚಿ, ಒಳಗಿನ ಫೈಲನ್ನ ಯಾವ ಫೋಲ್ಡರ್‌ನಾಗೂ ಹಾಕದೆ ನೇರವಾಗಿ ಇಡಬೇಕು.

ನನ್ನ ಹತ್ರ ಇದ್ದದ್ದು 64 ಜಿಬಿ ಪೆನ್‌ಡ್ರೈವ್. ರಿಸೀವರ್ ಅದನ್ನ ಗುರುತೇ ಹಿಡೀಲಿಲ್ಲ. ಆ ಅಳತೆಯವು ಎಕ್ಸ್‌ಫ್ಯಾಟ್ ಆಗಿ ಬರ್ತಾವ, ಹಳೇ ಯಂತ್ರಗಳಿಗೆ ಫ್ಯಾಟ್32 ಬೇಕು. ರಾತ್ರಿ ಎಂಟಕ್ಕೆ ಸಣ್ಣ ಪೆನ್‌ಡ್ರೈವ್ ಎಲ್ಲಿ ಹುಡುಕೋದು? ಕಬ್ಬಿನ ಸೀಜನ್. ಮನೆ ಮುಂದೆ ಡೆಕ್ ಹಚ್ಕೊಂಡು ಒಂದು ಟ್ರ್ಯಾಕ್ಟರ್ ನಿಂತಿತ್ತು. ಡ್ರೈವರ್ ತಮ್ಮನ್ನ ಕಾಡಿ ಬೇಡಿ 8 ಜಿಬಿಯದು ಇಸ್ಕೊಂಡೆ. ಅದರ ತುಂಬ ಜಾನಪದ ಹಾಡು. 'ಒಂದ್ ಹಾಡ ಹೋದ್ರೂ ನೋಡ್ರಿ ಮತ್ತ' ಅಂದ. ಎಲ್ಲಾ ಲ್ಯಾಪ್‌ಟಾಪ್‌ಗೆ ತಕ್ಕೊಂಡು, ಆಮೇಲೇ ಫಾರ್ಮ್ಯಾಟ್ ಹೊಡೆದೆ.

ಉಳಿದದ್ದು ಕರೆಂಟ್. ಗೋಕಾಕ ಫಾಲ್ಸ್‌ನಾಗ 1887ರಲ್ಲೇ ವಿದ್ಯುತ್ ತೆಗೆದ ಸೀಮೆ ನಮ್ಮದು, ಅದನ್ನ ಎಲ್ಲಾರ ಮುಂದೂ ಹೇಳ್ಕೋತೀವಿ. ಆದ್ರೂ ಫರ್ಮ್‌ವೇರ್ ಬರೆಯೋವಾಗ ಕರೆಂಟ್ ಹೋದ್ರೆ ಡಬ್ಬಿ ಕಲ್ಲಾಗಬಹುದು. ಹಳೇದು ಅಳಿಸಿ ಹೊಸದು ಬರೀತಿರ್ತದೆ, ನಡುವೆ ನಿಂತ್ರೆ ಎರಡೂ ಇಲ್ಲ. ಅದಕ್ಕೆ ನನ್ನ ಜೆರಾಕ್ಸ್ ಅಂಗಡಿಯ ಕಂಪ್ಯೂಟರ್ ಯುಪಿಎಸ್ ತಂದೆ. ಸುಮ್ಮನೆ ನಂಬಲಿಲ್ಲ. 60 ವ್ಯಾಟ್ ಬಲ್ಬ್ ಹಚ್ಚಿ ಪ್ಲಗ್ ಕಿತ್ತೆ, ಇಪ್ಪತ್ತೆರಡು ನಿಮಿಷ ತಡೀತು. ರಾತ್ರಿಯೆಲ್ಲ ಮತ್ತೆ ಚಾರ್ಜ್ ಮಾಡಿ ಬೆಳಿಗ್ಗೆ ರಿಸೀವರ್ ಒಂದನ್ನೇ ಅದಕ್ಕೆ ಹಾಕಿದೆ, ಟಿವಿ ಬೇರೆ ಲೈನ್‌ಗೆ. ಸೆಟ್ಟಿಂಗ್ಸ್‌ನ ಪ್ರತಿ ಪರದೆಯ ಫೋಟೊ ತೆಗೆದಿಟ್ಟೆ.

ಶುರು ಮಾಡಿದೆ. ಅಪ್ಪ ಬಂದು ಪಕ್ಕದಾಗ ಕೂತ್ರು. 58 ಪರ್ಸೆಂಟ್‌ಗೆ ಫ್ಯಾನ್ ನಿಂತ್ತು.

ಯುಪಿಎಸ್ ಕೀ ಕೀ ಅನ್ನೋಕೆ ಹತ್ತಿತು. ನನ್ನ ಕೈ ತಣ್ಣಗಾತು. ಅಪ್ಪನಿಗೆ ಆ ತೀಕ್ಷ್ಣ ದನಿ ಕೇಳಲ್ಲ, 'ಯಾಕ, ಏನಾತು?' ಅಂತ ನನ್ನ ಮುಖ ನೋಡ್ತಾರೆ. 'ಏನಿಲ್ಲ' ಅಂದೆ. 71. 71. 71. ಒಂದೇ ಅಂಕಿ ಮೇಲೆ ಐದು ನಿಮಿಷ ನಿಂತಿರ್ತದೆ ಇದು, ಕೆಟ್ಟಿತು ಅಂತ ಆಫ್ ಮಾಡೋರು ಅಲ್ಲೇ ಕೆಡಸ್ತಾರೆ. ಕೈ ಕಟ್ಕೊಂಡು ಕೂತೆ. ಹನ್ನೊಂದನೇ ನಿಮಿಷಕ್ಕೆ 'ಕಂಪ್ಲೀಟ್' ಅಂತ ಬಂತು. ಕರೆಂಟ್ ಬಂದದ್ದು ಮಧ್ಯಾಹ್ನ.

ಸಂಜೆ ಟಿವಿ ಹಚ್ಚಿದ್ವಿ. ಎರಡು ನಿಮಿಷ, ಐದು, ಹತ್ತು. ದನಿ ಕಟ್ ಆಗಲಿಲ್ಲ. ಅಪ್ಪನ ಮುಖ ಮಾತ್ರ ಅರಳಲಿಲ್ಲ. ಅಪ್‌ಡೇಟ್ ನನ್ನ ಸೆಟ್ಟಿಂಗ್ಸ್ ಎಲ್ಲಾ ಅಳಿಸಿತ್ತು, ನಡುವಿನ ಸ್ಪೀಕರ್ ಸೊನ್ನೆಗೆ ಬಂದಿತ್ತು. ಫೋಟೊ ತೆಗೆದು ನೋಡಿ ಮತ್ತೆ 4ಕ್ಕೆ ಏರಿಸಿದೆ. ಧಾರಾವಾಹಿಯಲ್ಲಿ ಅತ್ತೆ ಏನೋ ಅಂದ್ಲು, ಅಪ್ಪ 'ಸುಳ್ಳ ಹೇಳಾಕತ್ತಾಳ ಅಕಿ' ಅಂದ್ರು. ಹತ್ತು ಗಂಟೆ ತನಕ ಎದ್ದಿರಲಿಲ್ಲ.

ಪೆನ್‌ಡ್ರೈವ್‌ಗೆ ಹಾಡೆಲ್ಲ ವಾಪಸ್ ಹಾಕಿ ಕೊಟ್ಟೆ. ಫರ್ಮ್‌ವೇರ್ ಫೈಲ್ ಅಳಿಸೋದು ಮರೆತಿದ್ದೆ. ಮೂರು ದಿನ ಬಿಟ್ಟು ಫ್ಯಾಕ್ಟರಿ ಮುಂದಿನ ಸಾಲಿನಾಗ ನಿಂತು ಡ್ರೈವರ್ ಫೋನ್ ಹಚ್ಚಿದ್ದ. 'ಅಣ್ಣಾ, ಒಂದ್ ಹಾಡ ಹೆಚ್ಚಿಗಿ ಐತಿ, ಓಪನ್ ಆಗವಲ್ದು. ಯಾವ ಸಿನಿಮಾದ್ದು?'